ಟ್ರ್ಯಾಕ್ಟರಿನ ಡೀಸೆಲ್ ಇಂಜೆಕ್ಷನ್ ವ್ಯವಸ್ಥೆ: ದೋಷ ಪತ್ತೆ ಮತ್ತು ಶುಚಿಗೊಳಿಸುವ ಕ್ರಮ

ಚಿಂಚೋಳಿ, ಸೇಡಂ, ಚಿತ್ತಾಪುರ, ವಾಡಿ ಹಾಗೂ ಶಹಾಬಾದ್ ಭಾಗದ ರೈತರಿಗೆ ಮತ್ತು ವಿಸ್ತರಣಾ ಕಾರ್ಯಕರ್ತರಿಗೆ

ಪೀಠಿಕೆ

ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲ್ಲೂಕು ಈಶಾನ್ಯ ಸಂಕ್ರಮಣ ವಲಯಕ್ಕೂ, ನೆರೆಯ ಸೇಡಂ ಮತ್ತು ಚಿತ್ತಾಪುರ ತಾಲ್ಲೂಕುಗಳು ಈಶಾನ್ಯ ಒಣ ವಲಯಕ್ಕೂ ಸೇರಿವೆ. ಮುಂಗಾರಿನಲ್ಲಿ ತೊಗರಿ, ಹೆಸರು, ಉದ್ದು ಮತ್ತು ಸೋಯಾ ಅವರೆ, ಹಿಂಗಾರಿನಲ್ಲಿ ಜೋಳ ಮತ್ತು ಕಡಲೆ ಈ ಭಾಗದ ಪ್ರಮುಖ ಬೆಳೆಗಳಾಗಿವೆ. ಎರೆ ಭೂಮಿಯಲ್ಲಿ ಬಿತ್ತನೆಗೆ ದೊರೆಯುವ ಹದ ಕೆಲವೇ ದಿನಗಳದು. ಮಳೆ ನಿಂತ ಕೂಡಲೇ ಹೊಲಕ್ಕೆ ಇಳಿದರೆ ಗಾಲಿ ಹೂಳುತ್ತದೆ. ತಡಮಾಡಿದರೆ ಮೇಲ್ಮಣ್ಣು ಒಣಗಿ ಬೀಜ ಸಮನಾಗಿ ಮೊಳೆಯುವುದಿಲ್ಲ. ಈ ಅಲ್ಪಾವಧಿಯಲ್ಲಿ ಟ್ರ್ಯಾಕ್ಟರ್ ನಿಂತುಹೋದರೆ ರಿಪೇರಿಯ ಖರ್ಚಿನ ಜೊತೆಗೆ ಹದವೂ ಕೈತಪ್ಪುತ್ತದೆ.

ಹೀಗೆ ನಿಂತ ಟ್ರ್ಯಾಕ್ಟರಿನಲ್ಲಿ ದೋಷವು ಇಂಜೆಕ್ಷನ್ ಪಂಪಿನಲ್ಲಿಯೇ ಇದೆಯೆಂದು ಭಾವಿಸಿ, ಮೊದಲು ಅದನ್ನೇ ಬಿಚ್ಚಿಸುವ ರೂಢಿ ಹಲವೆಡೆ ಇದೆ. ಇದು ಸರಿಯಾದ ಕ್ರಮವಲ್ಲ. ಇಂಧನ ವ್ಯವಸ್ಥೆಯ ಬಹುಪಾಲು ತೊಂದರೆಗಳಿಗೆ ಧೂಳು, ನೀರು ಮತ್ತು ಗಾಳಿ ಎಂಬ ಮೂರೇ ಕಾರಣಗಳಿರುತ್ತವೆ. ಈ ಮೂರೂ ಪಂಪಿಗಿಂತ ಮೊದಲೇ, ಅಂದರೆ ಟ್ಯಾಂಕ್, ಪೈಪ್ ಮತ್ತು ಫಿಲ್ಟರುಗಳಲ್ಲಿಯೇ ಸಿಕ್ಕಿಬೀಳುತ್ತವೆ. ಆದುದರಿಂದ ತಪಾಸಣೆಯನ್ನು ಟ್ಯಾಂಕಿನಿಂದ ಆರಂಭಿಸಿ ಡೀಸೆಲ್ ಹರಿಯುವ ದಿಕ್ಕಿನಲ್ಲಿಯೇ ಮುಂದುವರಿಸಬೇಕು. ಪಂಪಿನವರೆಗಿನ ಭಾಗವನ್ನು ರೈತರು ತಾವೇ ಶುಚಿಗೊಳಿಸಿಕೊಳ್ಳಬಹುದು. ಪಂಪ್ ಮತ್ತು ಇಂಜೆಕ್ಟರಿನ ಒಳಭಾಗವನ್ನು ಮಾತ್ರ ಪರೀಕ್ಷಾ ಯಂತ್ರವಿರುವ ಕಾರ್ಯಾಗಾರಕ್ಕೆ ಬಿಡಬೇಕು.

ವ್ಯವಸ್ಥೆಯ ಪರಿಚಯ

ಡೀಸೆಲ್ ಎಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ ಇರುವುದಿಲ್ಲ. ಸಿಲಿಂಡರಿನೊಳಗೆ ಗಾಳಿಯನ್ನು ಬಲವಾಗಿ ಒತ್ತಿದಾಗ ಅದು ಕಾಯುತ್ತದೆ. ಆ ಕಾದ ಗಾಳಿಗೆ ಡೀಸೆಲ್ಲನ್ನು ಮಂಜಿನಂತೆ ಸಿಂಪಡಿಸಿದಾಗ ಅದು ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಸರಿಯಾದ ಕ್ಷಣದಲ್ಲಿ, ಸರಿಯಾದ ಪ್ರಮಾಣದಲ್ಲಿ, ಸರಿಯಾದ ಒತ್ತಡದಲ್ಲಿ ಈ ಸಿಂಪಡಣೆ ನಡೆಯುವಂತೆ ಮಾಡುವುದೇ ಇಂಜೆಕ್ಷನ್ ವ್ಯವಸ್ಥೆಯ ಕೆಲಸ.

ಈ ವ್ಯವಸ್ಥೆಯನ್ನು ಎರಡು ಭಾಗಗಳಾಗಿ ತಿಳಿದುಕೊಳ್ಳಬೇಕು.

ಕಡಿಮೆ ಒತ್ತಡದ ಭಾಗ: ಡೀಸೆಲ್ ಟ್ಯಾಂಕ್ ಮತ್ತು ಅದರ ಮುಚ್ಚಳ, ಟ್ಯಾಂಕಿನ ಕೆಳಗಿನ ನಲ್ಲಿ, ಕಸ ಮತ್ತು ನೀರು ತಂಗುವ ಗಾಜಿನ ಬಟ್ಟಲು, ಫೀಡ್ ಪಂಪ್, ಮೊದಲನೆಯ ಮತ್ತು ಎರಡನೆಯ ಫಿಲ್ಟರ್, ಇವುಗಳನ್ನು ಜೋಡಿಸುವ ಪೈಪುಗಳು.

ಹೆಚ್ಚು ಒತ್ತಡದ ಭಾಗ: ಇಂಜೆಕ್ಷನ್ ಪಂಪ್, ಅಲ್ಲಿಂದ ಪ್ರತಿ ಸಿಲಿಂಡರಿಗೆ ಹೋಗುವ ಉಕ್ಕಿನ ಪೈಪುಗಳು ಮತ್ತು ಇಂಜೆಕ್ಟರುಗಳು. ಇಂಜೆಕ್ಟರಿನಲ್ಲಿ ಉಳಿದ ಡೀಸೆಲ್ ತೆಳುವಾದ ಹಿಂತಿರುಗು ಪೈಪಿನ ಮೂಲಕ ವಾಪಸು ಬರುತ್ತದೆ.

ಟ್ರ್ಯಾಕ್ಟರಿನ ಹಿಂದಿನ ಗಾಲಿಯಲ್ಲಿ ಇರುವ ಗಾಳಿಯ ಒತ್ತಡ ಸುಮಾರು 1 ಬಾರ್. ಸಾಮಾನ್ಯ ಟ್ರ್ಯಾಕ್ಟರಿನ ಇಂಜೆಕ್ಟರ್ ತೆರೆದುಕೊಳ್ಳುವುದು ಸುಮಾರು 200 ಬಾರ್ ಆಸುಪಾಸಿನ ಒತ್ತಡದಲ್ಲಿ. ನಿಖರವಾದ ಅಂಕಿ ಮಾದರಿಯಿಂದ ಮಾದರಿಗೆ ಬೇರೆ. ಇಷ್ಟು ಒತ್ತಡವನ್ನು ಹಿಡಿದಿಡಲು ಪಂಪಿನ ಪ್ಲಂಜರ್ ಮತ್ತು ಅದರ ಬ್ಯಾರೆಲ್ ನಡುವೆ ಕೆಲವೇ ಮೈಕ್ರಾನಿನಷ್ಟು ಸಂದು ಬಿಟ್ಟಿರುತ್ತಾರೆ. ಮನುಷ್ಯನ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂಬುದನ್ನು ನೆನೆದರೆ, ಕಣ್ಣಿಗೆ ಕಾಣದ ಧೂಳಿನ ಕಣವೂ ಅಲ್ಲಿ ಗೀರು ಹಾಕಬಲ್ಲದೆಂಬುದು ಅರ್ಥವಾಗುತ್ತದೆ. ಈ ಭಾಗಗಳಿಗೆ ಬೇರೆ ಎಣ್ಣೆ ಹಾಕುವ ಏರ್ಪಾಡು ಸಾಮಾನ್ಯವಾಗಿ ಇರುವುದಿಲ್ಲ. ಹರಿಯುವ ಡೀಸೆಲ್ಲೇ ಅವುಗಳಿಗೆ ಜಾರುಕವಾಗಿದೆ. ಡೀಸೆಲ್ಲಿನಲ್ಲಿ ನೀರು ಅಥವಾ ಸೀಮೆಎಣ್ಣೆ ಬೆರೆತರೆ ಪಂಪ್ ಬೇಗನೆ ಸವೆಯುವುದು ಈ ಕಾರಣದಿಂದಲೇ.

ತೊಂದರೆಯ ಮೂರು ಮೂಲಗಳು

1. ಧೂಳು: ಈ ಭಾಗದಲ್ಲಿ ಧೂಳಿನ ಬಾಧೆ ಹೆಚ್ಚು. ಸೇಡಂ, ವಾಡಿ ಮತ್ತು ಶಹಾಬಾದ್ ಸುತ್ತಲಿನ ಸುಣ್ಣಕಲ್ಲಿನ ಗಣಿಗಳು, ಸಿಮೆಂಟ್ ಕಾರ್ಖಾನೆಗಳು ಮತ್ತು ಶಹಾಬಾದ್ ಕಲ್ಲು ಸಾಗಿಸುವ ರಸ್ತೆಗಳಲ್ಲಿ ನುಣುಪಾದ ಕಲ್ಲಿನ ಪುಡಿ ಸದಾ ಏಳುತ್ತಿರುತ್ತದೆ. ಹೊಲದಲ್ಲಿ ಎರೆಮಣ್ಣಿನ ಧೂಳು, ತೊಗರಿ ರಾಶಿಯ ಕಾಲದಲ್ಲಿ ಹೊಟ್ಟಿನ ಧೂಳು ಇದಕ್ಕೆ ಸೇರುತ್ತವೆ. ಈ ಧೂಳು ಡೀಸೆಲ್ಲಿನೊಳಗೆ ಹೆಚ್ಚಾಗಿ ಹೋಗುವುದು ಎಂಜಿನ್ ನಡೆಯುವಾಗಲ್ಲ, ಡೀಸೆಲ್ ತುಂಬುವಾಗ. ಮಣ್ಣು ಹಿಡಿದ ಕ್ಯಾನ್, ಒರೆಸದ ಮುಚ್ಚಳ, ನೆಲದ ಮೇಲಿಟ್ಟ ಆಲಿಕೆ ಇವೇ ಅದರ ದಾರಿ.

2. ನೀರು: ಅರೆ ತುಂಬಿದ ಟ್ಯಾಂಕಿನಲ್ಲಿ ರಾತ್ರಿಯ ತಂಪಿಗೆ ಗಾಳಿಯಲ್ಲಿರುವ ತೇವ ಹನಿಗಟ್ಟಿ ಡೀಸೆಲ್ಲಿನ ತಳಕ್ಕೆ ಇಳಿಯುತ್ತದೆ. ಮಳೆಯಲ್ಲಿ ನೆಟ್ಟಗೆ ನಿಲ್ಲಿಸಿದ ಡ್ರಮ್ಮಿನ ಬಾಯಿಯ ಸುತ್ತ ನಿಂತ ನೀರು ಸಹ ಒಳಗೆ ಸೇರುತ್ತದೆ. ನೀರು ಮತ್ತು ಡೀಸೆಲ್ ಕೂಡುವ ಪದರದಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಕಪ್ಪಾದ ಲೋಳೆ ಉಂಟಾಗುತ್ತದೆ. ಫಿಲ್ಟರಿಗೆ ಈ ಲೋಳೆ ಮೆತ್ತಿಕೊಂಡಿದ್ದರೆ ಟ್ಯಾಂಕಿನ ತಳದಲ್ಲಿ ನೀರು ಬಹುದಿನಗಳಿಂದ ನಿಂತಿದೆಯೆಂದು ತಿಳಿಯಬೇಕು.

3. ಗಾಳಿ: ಡೀಸೆಲ್ ಒತ್ತಿದರೆ ಕುಗ್ಗುವುದು ಅತ್ಯಲ್ಪ, ಗಾಳಿಯಾದರೋ ಸುಲಭವಾಗಿ ಕುಗ್ಗುತ್ತದೆ. ಪೈಪಿನಲ್ಲಿ ಗಾಳಿಯ ಗುಳ್ಳೆ ಇದ್ದರೆ ಪಂಪ್ ಒತ್ತಿದ್ದು ಗುಳ್ಳೆಯನ್ನು ಕುಗ್ಗಿಸುವುದಕ್ಕೇ ಮುಗಿದು, ಇಂಜೆಕ್ಟರ್ ತೆರೆಯುವುದೇ ಇಲ್ಲ. ಡೀಸೆಲ್ ಪೂರ್ತಿ ಖಾಲಿಯಾಗುವವರೆಗೆ ಓಡಿಸುವುದು, ಸಡಿಲವಾದ ಜೋಡಣೆ, ಸವೆದ ವಾಷರ್, ಬಿರುಕು ಬಿಟ್ಟ ರಬ್ಬರ್ ಪೈಪ್ ಇವುಗಳಿಂದ ಗಾಳಿ ಸೇರುತ್ತದೆ. ಟ್ಯಾಂಕ್ ಮತ್ತು ಫೀಡ್ ಪಂಪಿನ ನಡುವಿನ ಭಾಗದಲ್ಲಿ ಎಳೆತವಿರುವುದರಿಂದ, ಅಲ್ಲಿ ಡೀಸೆಲ್ ಹೊರಗೆ ಸೋರದೆಯೇ ಗಾಳಿ ಒಳಗೆ ಬರಬಹುದು.

ಕೆಲಸಕ್ಕೆ ಮುನ್ನ: ಸುರಕ್ಷತೆ

ಈ ಭಾಗವನ್ನು ಓದದೆ ಪಾನಾ ಕೈಗೆತ್ತಿಕೊಳ್ಳಬಾರದು.

• ಹೆಚ್ಚು ಒತ್ತಡದ ಪೈಪಿನಿಂದ ಅಥವಾ ಇಂಜೆಕ್ಟರಿನಿಂದ ಚಿಮ್ಮುವ ಡೀಸೆಲ್ ಚರ್ಮವನ್ನು ಸೀಳಿ ಒಳಗೆ ಹೋಗಬಲ್ಲದು. ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ ಕಾಣುತ್ತದೆ, ಆರಂಭದಲ್ಲಿ ನೋವೂ ಅಷ್ಟಾಗಿ ಇರುವುದಿಲ್ಲ. ಆದರೆ ಕೆಲವೇ ಗಂಟೆಗಳಲ್ಲಿ ಬಾವು ಬಂದು ಒಳಗಿನ ಮಾಂಸ ಸಾಯತೊಡಗುತ್ತದೆ. ಬೆರಳನ್ನು ಅಥವಾ ಕೈಯನ್ನೇ ತೆಗೆಯಬೇಕಾದ ಸ್ಥಿತಿ ಬರಬಹುದು. ಇಂತಹ ಗಾಯವಾದರೆ ಅರಿಶಿನ ಹಚ್ಚಿ ಕಾಯುವುದು, ತಿಕ್ಕುವುದು, ಹಿಂಡುವುದು ಸರಿಯಲ್ಲ. ಕೂಡಲೇ 108ಕ್ಕೆ ಕರೆ ಮಾಡಿ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಹೋಗಬೇಕು. "ಒತ್ತಡದಿಂದ ಡೀಸೆಲ್ ಒಳಗೆ ಹೊಕ್ಕಿದೆ" ಎಂದು ವೈದ್ಯರಿಗೆ ಸ್ಪಷ್ಟವಾಗಿ ಹೇಳಬೇಕು. ಚಿಂಚೋಳಿಯ ಹಳ್ಳಿಗಳಿಂದ ಕಲಬುರಗಿ ತಲುಪಲು ಹೆಚ್ಚು ಸಮಯ ಬೇಕಾಗುವುದರಿಂದ ನಾಳೆ ನೋಡೋಣವೆಂದು ಮುಂದೂಡಬಾರದು.
• ಸೋರಿಕೆ ಎಲ್ಲಿದೆ ಎಂದು ಬೆರಳಿನಿಂದ ಮುಟ್ಟಿ ನೋಡಬಾರದು. ದಪ್ಪ ರಟ್ಟಿನ ತುಂಡನ್ನು ಪೈಪಿನ ಬಳಿ ದೂರದಿಂದ ಹಿಡಿದು, ಅದು ಒದ್ದೆಯಾಗುವ ಜಾಗವನ್ನು ಗುರುತಿಸಬೇಕು.
• ಎಂಜಿನ್ ನಿಲ್ಲಿಸಿ, ತಣ್ಣಗಾದ ಮೇಲೆ ಕೆಲಸ ಆರಂಭಿಸಬೇಕು. ಗೇರನ್ನು ನ್ಯೂಟ್ರಲ್‌ನಲ್ಲಿರಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಗಾಲಿಗೆ ಕಲ್ಲು ಕೊಡಬೇಕು.
• ಬೀಡಿ, ಸಿಗರೇಟು ಮತ್ತು ಬೆಂಕಿ ಹತ್ತಿರ ಇರಬಾರದು. ಭಾಗಗಳನ್ನು ತೊಳೆಯಲು ಪೆಟ್ರೋಲ್ ಬಳಸಬಾರದು. ಶುದ್ಧ ಡೀಸೆಲ್ ಬಳಸಬೇಕು.
• ಕನ್ನಡಕ ಮತ್ತು ಕೈಗವಸು ಧರಿಸಬೇಕು. ಮಕ್ಕಳನ್ನು ದೂರವಿರಿಸಬೇಕು.

ದೋಷ ಪತ್ತೆ ಮಾಡುವ ಕ್ರಮ

ಪಾನಾ ಹಿಡಿಯುವ ಮೊದಲು ಲಕ್ಷಣವನ್ನು ಗಮನಿಸಬೇಕು.

ಲಕ್ಷಣ 1: ಸ್ಟಾರ್ಟರ್ ತಿರುಗುತ್ತದೆ, ಎಂಜಿನ್ ಚಾಲೂ ಆಗುವುದಿಲ್ಲ

ಮೊದಲು ಸರಳವಾದುದನ್ನು ನೋಡಬೇಕು. ಎಂಜಿನ್ ನಿಲ್ಲಿಸುವ ಗುಬ್ಬಿಯನ್ನು ಪೂರ್ತಿ ಒಳಗೆ ತಳ್ಳಲಾಗಿದೆಯೇ? ಟ್ಯಾಂಕಿನಲ್ಲಿ ಡೀಸೆಲ್ ಇದೆಯೇ? ಟ್ಯಾಂಕಿನ ನಲ್ಲಿ ತೆರೆದಿದೆಯೇ? ಕೀಲಿಯಿಂದ ನಿಲ್ಲುವ ಎಂಜಿನ್ ಆದರೆ ಪಂಪಿನ ಮೇಲಿನ ವಿದ್ಯುತ್ ಸೊಲೆನಾಯ್ಡಿಗೆ ತಂತಿ ಸರಿಯಾಗಿ ಕೂಡಿದೆಯೇ? ಇವು ಸರಿಯಿದ್ದರೆ ಸ್ಟಾರ್ಟರ್ ತಿರುಗಿಸುವಾಗ ಹೊಗೆಯ ಪೈಪನ್ನು ಗಮನಿಸಬೇಕು. ಬಿಳಿ ಹೊಗೆ ಬರುತ್ತಿದ್ದರೆ ಡೀಸೆಲ್ ಸಿಲಿಂಡರ್ ತಲುಪುತ್ತಿದೆ, ಆದರೆ ಉರಿಯುತ್ತಿಲ್ಲ. ಹೊಗೆಯೇ ಇಲ್ಲದಿದ್ದರೆ ಡೀಸೆಲ್ ತಲುಪುತ್ತಿಲ್ಲ ಎಂದರ್ಥ. ಗಾಳಿ ಸೇರಿರುವ ಅಥವಾ ಫಿಲ್ಟರ್ ಕಟ್ಟಿರುವ ಸಾಧ್ಯತೆ ಹೆಚ್ಚು. ಸ್ಟಾರ್ಟರನ್ನು ಒಮ್ಮೆಗೆ 10ರಿಂದ 15 ಸೆಕೆಂಡಿಗಿಂತ ಹೆಚ್ಚು ತಿರುಗಿಸದೆ, ನಡುವೆ 1ರಿಂದ 2 ನಿಮಿಷ ಬಿಡುವು ಕೊಡಬೇಕು. ಇಲ್ಲವಾದರೆ ಬ್ಯಾಟರಿಯೂ ಸ್ಟಾರ್ಟರೂ ಕೆಡುತ್ತವೆ.

ಲಕ್ಷಣ 2: ಚಾಲೂ ಆಗಿ ಸ್ವಲ್ಪ ಹೊತ್ತು ನಡೆದು ನಿಲ್ಲುತ್ತದೆ

ಟ್ಯಾಂಕಿನ ಮುಚ್ಚಳದಲ್ಲಿ ಗಾಳಿಯಾಡಲು ಸಣ್ಣ ರಂಧ್ರವಿರುತ್ತದೆ. ಅದು ಮಣ್ಣಿನಿಂದ ಮುಚ್ಚಿದರೆ ಡೀಸೆಲ್ ಕಡಿಮೆಯಾದಂತೆ ಟ್ಯಾಂಕಿನೊಳಗೆ ಎಳೆತ ಉಂಟಾಗಿ ಹರಿವು ನಿಲ್ಲುತ್ತದೆ. ಎಂಜಿನ್ ನಿಂತ ಕೂಡಲೇ ಮುಚ್ಚಳ ತೆರೆಯಬೇಕು. ಗಾಳಿ ಎಳೆದುಕೊಂಡ ಶಬ್ದ ಕೇಳಿಸಿ, ನಂತರ ಎಂಜಿನ್ ಸರಿಯಾಗಿ ಚಾಲೂ ಆದರೆ ದೋಷ ಮುಚ್ಚಳದಲ್ಲಿಯೇ ಇದೆ. ಸಾವಿರಾರು ರೂಪಾಯಿಯ ಪಂಪ್ ರಿಪೇರಿ ತಪ್ಪಿಸಬಲ್ಲ ಪರೀಕ್ಷೆಯಿದು. ಇದಕ್ಕೆ ಖರ್ಚೇನೂ ಇಲ್ಲ. ಮುಚ್ಚಳ ಸರಿಯಿದ್ದರೆ ಟ್ಯಾಂಕಿನೊಳಗಿನ ಜಾಲರಿ, ನಲ್ಲಿ ಮತ್ತು ಮೊದಲ ಫಿಲ್ಟರನ್ನು ಪರೀಕ್ಷಿಸಬೇಕು.

ಲಕ್ಷಣ 3: ಖಾಲಿ ಓಟದಲ್ಲಿ ಸರಿ, ರೆಂಟೆ ಹೂಡಿದಾಗ ಶಕ್ತಿ ಕುಗ್ಗುತ್ತದೆ

ಭಾರ ಬಿದ್ದಾಗ ಎಂಜಿನ್ನಿಗೆ ಹೆಚ್ಚು ಡೀಸೆಲ್ ಬೇಕು. ಅರ್ಧ ಕಟ್ಟಿದ ಫಿಲ್ಟರ್ ಖಾಲಿ ಓಟಕ್ಕೆ ಸಾಕಾಗುವಷ್ಟು ಡೀಸೆಲ್ ಬಿಟ್ಟು, ಭಾರಕ್ಕೆ ಸಾಕಾಗುವಷ್ಟನ್ನು ಬಿಡುವುದಿಲ್ಲ. ಹೊಗೆ ಹೆಚ್ಚಾಗದೆ ಕೇವಲ ಶಕ್ತಿ ಕುಗ್ಗಿದರೆ ಡೀಸೆಲ್ ಫಿಲ್ಟರನ್ನು ಶಂಕಿಸಬೇಕು. ಕಪ್ಪು ಹೊಗೆಯೊಂದಿಗೆ ಶಕ್ತಿ ಕುಗ್ಗಿದರೆ ಗಾಳಿಯ ಫಿಲ್ಟರನ್ನು ಮೊದಲು ನೋಡಬೇಕು.

ಲಕ್ಷಣ 4: ಹೊಗೆಯ ಬಣ್ಣ

• ಕಪ್ಪು: ಗಾಳಿ ಸಾಲದು ಅಥವಾ ಡೀಸೆಲ್ ಹೆಚ್ಚು. ಈ ಭಾಗದ ಧೂಳಿನಲ್ಲಿ ಗಾಳಿ ಫಿಲ್ಟರ್ ಕಟ್ಟುವುದೇ ಮೊದಲ ಕಾರಣ. ಅದು ಶುಚಿಯಾಗಿದ್ದೂ ಕಪ್ಪು ಹೊಗೆ ಬಂದರೆ ಇಂಜೆಕ್ಟರ್ ಮಂಜಿನಂತೆ ಸಿಂಪಡಿಸದೆ ತೊಟ್ಟಿಕ್ಕುತ್ತಿರಬಹುದು. ಅತಿಯಾದ ಭಾರವೂ ಕಾರಣವಾಗಬಹುದು.
• ಬಿಳಿ: ಡೀಸೆಲ್ ಉರಿಯದೆ ಹೊರಬರುತ್ತಿದೆ. ಚಳಿಯ ಬೆಳಗಿನಲ್ಲಿ ಕೆಲವು ಕ್ಷಣ ಬಂದರೆ ಸಹಜ. ಎಂಜಿನ್ ಕಾದ ಮೇಲೂ ನಿಲ್ಲದಿದ್ದರೆ ಡೀಸೆಲ್ಲಿನಲ್ಲಿ ನೀರು, ಇಂಜೆಕ್ಷನ್ ಸಮಯದ ವ್ಯತ್ಯಾಸ ಅಥವಾ ಕಂಪ್ರೆಶನ್ ಕಡಿಮೆಯಾಗಿರುವುದು ಕಾರಣವಿರಬಹುದು. ರೇಡಿಯೇಟರಿನ ನೀರು ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಪರೀಕ್ಷಿಸಬೇಕು.
• ನೀಲಿ: ಎಂಜಿನ್ ಆಯಿಲ್ ಉರಿಯುತ್ತಿದೆ. ಇದು ಇಂಧನ ವ್ಯವಸ್ಥೆಯ ದೋಷವಲ್ಲ. ಇದಕ್ಕಾಗಿ ಪಂಪ್ ಬಿಚ್ಚಿಸುವುದು ವ್ಯರ್ಥ ಖರ್ಚು.

ಲಕ್ಷಣ 5: ಎಂಜಿನ್ ಮಿಸ್ ಹೊಡೆಯುತ್ತದೆ, ಅದುರುತ್ತದೆ

ಒಂದು ಸಿಲಿಂಡರ್ ಕೆಲಸ ಮಾಡದಿರುವ ಸೂಚನೆಯಿದು. ತಣ್ಣಗಿರುವ ಎಂಜಿನ್ನನ್ನು ಚಾಲೂ ಮಾಡಿ ಒಂದೆರಡು ನಿಮಿಷ ನಿಧಾನ ಓಟದಲ್ಲಿರಿಸಿ. ನಂತರ ಹೊಗೆ ಹೊರಹೋಗುವ ಮ್ಯಾನಿಫೋಲ್ಡಿನ ಮೇಲೆ, ಪ್ರತಿ ಸಿಲಿಂಡರಿನ ಬಾಯಿಯ ಬಳಿ ಎರಡೆರಡು ಹನಿ ನೀರು ಚಿಮುಕಿಸಬೇಕು. ಬೇರೆಡೆ ನೀರು ಬೇಗ ಆರಿ, ಒಂದೆಡೆ ಮಾತ್ರ ತಡವಾಗಿ ಆರಿದರೆ ಆ ಸಿಲಿಂಡರಿನಲ್ಲಿ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ. ಮೆಕ್ಯಾನಿಕರು ಎಂಜಿನ್ ನಡೆಯುತ್ತಿರುವಾಗಲೇ ಇಂಜೆಕ್ಟರ್ ಪೈಪಿನ ನಟ್ ಸಡಿಲಿಸಿ ಪರೀಕ್ಷಿಸುವುದುಂಟು. ಡೀಸೆಲ್ ಚಿಮ್ಮುವ ಅಪಾಯವಿರುವುದರಿಂದ ರೈತರು ಅದನ್ನು ಅನುಸರಿಸಬಾರದು.

ಲಕ್ಷಣ 6: ಎಂಜಿನ್ ಆಯಿಲ್ ಮಟ್ಟ ತಾನಾಗಿ ಏರುತ್ತದೆ

ಅಳತೆ ಕಡ್ಡಿಯಲ್ಲಿ ಆಯಿಲ್ ಏರಿದ್ದು, ತೆಳುವಾಗಿ ಡೀಸೆಲ್ ವಾಸನೆ ಬರುತ್ತಿದ್ದರೆ ಫೀಡ್ ಪಂಪಿನ ಡಯಾಫ್ರಾಂ ಹರಿದಿರಬಹುದು ಅಥವಾ ಇಂಜೆಕ್ಟರ್ ತೊಟ್ಟಿಕ್ಕುತ್ತಿರಬಹುದು. ಈ ಸ್ಥಿತಿಯಲ್ಲಿ ಓಡಿಸಿದರೆ ಬೇರಿಂಗುಗಳು ಸವೆದು ಎಂಜಿನ್ನೇ ಹಾಳಾಗುತ್ತದೆ. ದೋಷ ಸರಿಪಡಿಸಿ, ಆಯಿಲ್ ಬದಲಿಸಿದ ಬಳಿಕವೇ ಚಾಲೂ ಮಾಡಬೇಕು.

ಕಡಿಮೆ ಒತ್ತಡದ ಭಾಗವನ್ನು ಶುಚಿಗೊಳಿಸುವ ವಿಧಾನ

ಬೇಕಾಗುವ ಸಾಮಗ್ರಿ: ಸರಿಯಾದ ಅಳತೆಯ ಪಾನಾಗಳು, ಎರಡು ಶುದ್ಧ ಪಾತ್ರೆ, ಬ್ರಷ್, ಎಳೆ ಬಿಡದ ಹತ್ತಿ ಬಟ್ಟೆ, ಹೊಸ ಫಿಲ್ಟರುಗಳು, ತಾಮ್ರದ ವಾಷರುಗಳು, ಸುಮಾರು 5 ಲೀಟರ್ ಶುದ್ಧ ಡೀಸೆಲ್. ಗ್ಯಾರೇಜಿನಲ್ಲಿ ಬಳಸುವ ನೂಲಿನ ವೇಸ್ಟ್ ಬೇಡ. ಅದರ ಎಳೆಗಳು ಪೈಪಿನೊಳಗೆ ಸೇರುತ್ತವೆ.

1. ಗಾಳಿ ಬೀಸದ, ನೆರಳಿರುವ ಜಾಗ ಆರಿಸಬೇಕು. ಯಾವ ಜೋಡಣೆಯನ್ನೂ ಬಿಚ್ಚುವ ಮೊದಲು ಅದರ ಹೊರಭಾಗವನ್ನು ಬ್ರಷ್ ಮತ್ತು ಡೀಸೆಲ್ಲಿನಿಂದ ತೊಳೆದು ಒರೆಸಬೇಕು. ಎಂಜಿನ್ ಬಿಸಿಯಿರುವಾಗ ಇಂಜೆಕ್ಷನ್ ಪಂಪಿನ ಮೇಲೆ ತಣ್ಣೀರು ಸುರಿಯಬಾರದು.
2. ರಾತ್ರಿಯಿಡೀ ನಿಂತ ಟ್ರ್ಯಾಕ್ಟರಿನ ಟ್ಯಾಂಕಿನಿಂದ, ಬೆಳಿಗ್ಗೆ ಚಾಲೂ ಮಾಡುವ ಮೊದಲೇ, ತಳದ ತಿರುಪನ್ನು ಸಡಿಲಿಸಿ ಸ್ವಲ್ಪ ಡೀಸೆಲ್ಲನ್ನು ಗಾಜಿನ ಬಾಟಲಿಗೆ ಬಿಡಬೇಕು. ನೀರು ಕೆಳಗೆ ಬೇರೆ ಪದರವಾಗಿ ನಿಲ್ಲುತ್ತದೆ. ಶುದ್ಧ ಡೀಸೆಲ್ ಬರುವವರೆಗೆ ಬಿಡಬೇಕು. ಸಣ್ಣ ವಿಮಾನಗಳ ಚಾಲಕರು ಹಾರಾಟಕ್ಕೆ ಮುನ್ನ ಇದೇ ರೀತಿ ಟ್ಯಾಂಕಿನ ತಳದ ಇಂಧನವನ್ನು ಪಾರದರ್ಶಕ ಬಟ್ಟಲಿಗೆ ಬಿಟ್ಟು ನೀರಿದೆಯೇ ಎಂದು ನೋಡುತ್ತಾರೆ. ಆಕಾಶದಲ್ಲಿ ಎಂಜಿನ್ ನಿಂತರೆ ರಸ್ತೆ ಬದಿಗೆ ನಿಲ್ಲಿಸಲಾಗದು ಎಂಬುದರಿಂದ ಅಲ್ಲಿ ಈ ನಿಯಮಕ್ಕೆ ವಿನಾಯಿತಿಯಿಲ್ಲ. ಬಿತ್ತನೆಯ ದಿನಗಳಲ್ಲಿ ನಮಗೂ ಅದೇ ಶಿಸ್ತು ಬೇಕು.
3. ಟ್ಯಾಂಕಿನ ನಲ್ಲಿ ಮುಚ್ಚಿ ಗಾಜಿನ ಬಟ್ಟಲು ಮತ್ತು ಜಾಲರಿಯನ್ನು ಬಿಚ್ಚಿ ಡೀಸೆಲ್ಲಿನಲ್ಲಿ ತೊಳೆಯಬೇಕು. ರಬ್ಬರ್ ವಾಷರ್ ಗಟ್ಟಿಯಾಗಿದ್ದರೆ ಬದಲಿಸಬೇಕು. ಬಟ್ಟಲನ್ನು ಅತಿಯಾಗಿ ಬಿಗಿದರೆ ಒಡೆಯುತ್ತದೆ.
4. ಟ್ಯಾಂಕಿನ ಮುಚ್ಚಳದ ಗಾಳಿ ರಂಧ್ರವನ್ನು ಶುಚಿಗೊಳಿಸಬೇಕು.
5. ಮೊದಲ ಫಿಲ್ಟರನ್ನು ಬಿಚ್ಚಿ, ಅದರ ಕೊಳಗವನ್ನು ತೊಳೆದು, ಹೊಸ ಫಿಲ್ಟರ್ ಮತ್ತು ಹೊಸ ರಬ್ಬರ್ ಉಂಗುರ ಹಾಕಬೇಕು. ಕಾಗದದ ಫಿಲ್ಟರನ್ನು ತೊಳೆದು ಅಥವಾ ಕಂಪ್ರೆಸರಿನಿಂದ ಊದಿ ಮತ್ತೆ ಬಳಸಬಾರದು. ಊದಿದಾಗ ಕಾಗದದಲ್ಲಿ ಕಣ್ಣಿಗೆ ಕಾಣದ ಸೀಳು ಬಿದ್ದು ಧೂಳು ನೇರವಾಗಿ ಪಂಪಿಗೆ ಹೋಗುತ್ತದೆ. ತೊಳೆದು ಬಳಸಬಹುದಾದ ಬಟ್ಟೆಯ ಫಿಲ್ಟರ್ ಎಂದು ಕೈಪಿಡಿಯಲ್ಲಿ ಹೇಳಿದ್ದರೆ ಮಾತ್ರ ತೊಳೆಯಬಹುದು.
6. ಎರಡೂ ಫಿಲ್ಟರನ್ನು ಒಟ್ಟಿಗೆ ಬಿಚ್ಚಬಾರದು. ಮೊದಲನೆಯದನ್ನು ಕೂಡಿಸಿ, ಅದರ ಮೂಲಕ ಸ್ವಲ್ಪ ಡೀಸೆಲ್ ಹರಿಸಿದ ನಂತರ ಎರಡನೆಯದನ್ನು ಕೈಪಿಡಿಯಲ್ಲಿ ಹೇಳಿದ ಅವಧಿಗೆ ಬದಲಿಸಬೇಕು. ಹೊಸ ಫಿಲ್ಟರಿಗೆ ಕ್ಯಾನಿನಿಂದ ಡೀಸೆಲ್ ಸುರಿದು ತುಂಬಬಾರದು. ಹಾಗೆ ಸುರಿದ ಡೀಸೆಲ್ ಸೋಸದೆಯೇ ಪಂಪಿಗೆ ಹೋಗಬಹುದು. ಕೈಪಂಪಿನಿಂದಲೇ ತುಂಬಬೇಕು.
7. ಬಿಚ್ಚಿದ ಪ್ರತಿ ಬ್ಯಾಂಜೊ ಬೋಲ್ಟಿಗೆ ಹೊಸ ತಾಮ್ರದ ವಾಷರ್ ಹಾಕಬೇಕು. ಕೆಲವು ರೂಪಾಯಿ ಉಳಿಸಲು ಹಳೆಯ ವಾಷರ್ ಬಳಸಿದರೆ ಅಲ್ಲಿಂದಲೇ ಗಾಳಿ ಸೇರುತ್ತದೆ.
8. ತೆರೆದ ಪೈಪಿನ ಬಾಯಿಗಳನ್ನು ಶುದ್ಧವಾದ ಪ್ಲಾಸ್ಟಿಕ್ ಮುಚ್ಚಳದಿಂದ ಮುಚ್ಚಿಡಬೇಕು.
9. ಹೊರತೆಗೆದ ಕೊಳೆ ಡೀಸೆಲ್ಲನ್ನು ಹೊಲಕ್ಕೆ, ಹಳ್ಳಕ್ಕೆ ಅಥವಾ ಬಾವಿಯ ಬಳಿ ಚೆಲ್ಲದೆ, ಬೇರೆ ಡಬ್ಬಿಯಲ್ಲಿ ಸಂಗ್ರಹಿಸಿ ಗ್ಯಾರೇಜಿಗೆ ಕೊಡಬೇಕು.

ಗಾಳಿ ತೆಗೆಯುವ ವಿಧಾನ

ಫಿಲ್ಟರ್ ಬದಲಿಸಿದ ಮೇಲೆ ಅಥವಾ ಡೀಸೆಲ್ ಖಾಲಿಯಾಗಿ ಎಂಜಿನ್ ನಿಂತ ಮೇಲೆ ಗಾಳಿ ತೆಗೆಯುವುದು ಕಡ್ಡಾಯ. ಕ್ರಮ ತಪ್ಪಿದರೆ ಗಾಳಿ ಮತ್ತೆ ಹಿಂದಿನ ಭಾಗದಲ್ಲಿ ಉಳಿಯುತ್ತದೆ.

1. ಟ್ಯಾಂಕಿಗೆ ಸಾಕಷ್ಟು ಡೀಸೆಲ್ ತುಂಬಿ ನಲ್ಲಿ ತೆರೆಯಬೇಕು.
2. ಮೊದಲ ಫಿಲ್ಟರಿನ ಮೇಲಿನ ಗಾಳಿ ತಿರುಪನ್ನು ಎರಡು ಸುತ್ತು ಸಡಿಲಿಸಿ, ಫೀಡ್ ಪಂಪಿನ ಕೈಸನ್ನೆಯನ್ನು ಮೇಲೆ ಕೆಳಗೆ ಆಡಿಸಬೇಕು. ಮೊದಲು ನೊರೆಯಂತೆ ಗುಳ್ಳೆಗಳು ಬರುತ್ತವೆ. ಗುಳ್ಳೆಯಿಲ್ಲದ ಡೀಸೆಲ್ ಬಂದಾಗ, ಅದು ಹರಿಯುತ್ತಿರುವಾಗಲೇ, ತಿರುಪನ್ನು ಬಿಗಿಯಬೇಕು.
3. ಎರಡನೆಯ ಫಿಲ್ಟರಿನಲ್ಲಿ ಇದೇ ಕ್ರಮ ಅನುಸರಿಸಬೇಕು.
4. ಇಂಜೆಕ್ಷನ್ ಪಂಪಿನ ಗಾಳಿ ತಿರುಪಿನಲ್ಲಿ ಇದನ್ನೇ ಪುನರಾವರ್ತಿಸಬೇಕು.
5. ಕೈಸನ್ನೆ ಆಡಿಸಿದರೂ ಒತ್ತಡ ಸಿಗದೆ ಸಡಿಲವಾಗಿ ಆಡಿದರೆ ಪಂಪ್ ಕೆಟ್ಟಿದೆಯೆಂದು ತಿಳಿಯಬಾರದು. ಒಳಗಿನ ಕ್ಯಾಮ್ ಅದನ್ನು ಎತ್ತಿ ಹಿಡಿದಿರಬಹುದು. ಎಂಜಿನ್ ನಿಲ್ಲಿಸುವ ಗುಬ್ಬಿಯನ್ನು ಎಳೆದಿಟ್ಟು ಸ್ಟಾರ್ಟರನ್ನು ಕ್ಷಣಕಾಲ ತಿರುಗಿಸಿ, ಎಂಜಿನ್ ಸ್ವಲ್ಪ ಸರಿದ ಮೇಲೆ ಮತ್ತೆ ಪ್ರಯತ್ನಿಸಬೇಕು.
6. ಈಗ ಎಂಜಿನ್ ಚಾಲೂ ಮಾಡಬೇಕು. ಆದರೂ ಚಾಲೂ ಆಗದಿದ್ದರೆ, ಹಳೆಯ ಮಾದರಿಯ ಎಂಜಿನ್‌ಗಳಲ್ಲಿ ಮಾತ್ರ, ಇಂಜೆಕ್ಟರ್ ತುದಿಯ ನಟ್‌ಗಳನ್ನು ಒಂದು ಸುತ್ತು ಸಡಿಲಿಸಿ, ಬಟ್ಟೆ ಮುಚ್ಚಿ, ಕೈ ದೂರವಿಟ್ಟು ಸ್ಟಾರ್ಟರ್ ತಿರುಗಿಸಬೇಕು. ಎಲ್ಲ ಪೈಪುಗಳಿಂದ ಡೀಸೆಲ್ ಜಿನುಗಿದ ಬಳಿಕ ಸ್ಟಾರ್ಟರ್ ನಿಲ್ಲಿಸಿ, ನಟ್‌ಗಳನ್ನು ಬಿಗಿದು, ನಂತರವೇ ಚಾಲೂ ಮಾಡಬೇಕು. ಈ ಹಂತವನ್ನು ಅನುಭವಿಗಳ ಸಮ್ಮುಖದಲ್ಲಿ ಮಾಡುವುದು ಉತ್ತಮ.

ಗಾಳಿ ತೆಗೆದ ಮರುದಿನವೇ ಮತ್ತೆ ಗಾಳಿ ಸೇರಿದರೆ ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಯಾವುದೋ ಜೋಡಣೆ ಸಡಿಲವಿದೆ. ಆ ಭಾಗದಲ್ಲಿ ತಾತ್ಕಾಲಿಕವಾಗಿ ಪಾರದರ್ಶಕ ಡೀಸೆಲ್ ಪೈಪ್ ಹಾಕಿ ನೋಡಿದರೆ ಗುಳ್ಳೆ ಬರುವ ಜಾಗ ತಿಳಿಯುತ್ತದೆ.

ಇಂಜೆಕ್ಟರ್ ಮತ್ತು ಪಂಪ್: ಕಾರ್ಯಾಗಾರಕ್ಕೆ ಯಾವಾಗ?

ಮೇಲಿನ ಎಲ್ಲ ಹಂತಗಳನ್ನು ಪೂರೈಸಿದ ಮೇಲೂ ದೋಷ ಉಳಿದರೆ ಮಾತ್ರ ಇಂಜೆಕ್ಟರುಗಳನ್ನು, ತರುವಾಯ ಪಂಪನ್ನು ಪರೀಕ್ಷೆಗೆ ಕಳುಹಿಸಬೇಕು. ನಮ್ಮ ರಾಜ್ಯದಲ್ಲಿ ಈ ತಂತ್ರಜ್ಞಾನಕ್ಕೆ ಹಳೆಯ ನಂಟಿದೆ. 1951ರಲ್ಲಿ ಸ್ಥಾಪನೆಯಾದ ಮೈಕೊ ಸಂಸ್ಥೆ ಬೆಂಗಳೂರಿನ ಆಡುಗೋಡಿಯಲ್ಲಿ ಡೀಸೆಲ್ ಇಂಜೆಕ್ಷನ್ ಉಪಕರಣಗಳನ್ನು ತಯಾರಿಸಿತು. ಇಂದು ಅದು ಬಾಷ್ ಎಂಬ ಹೆಸರಿನಲ್ಲಿದೆ. ಪಂಪ್ ಯಾವ ತಯಾರಕರದ್ದಾದರೂ ಅದನ್ನು ಪರೀಕ್ಷಾ ಬೆಂಚಿನ ಮೇಲೆ ಅಳೆದೇ ಹೊಂದಿಸಬೇಕು. ಕಣ್ಣಂದಾಜಿನಲ್ಲಿ ಹೊಂದಿಸಿದ ಪಂಪ್ ಹೆಚ್ಚು ಡೀಸೆಲ್ ಕುಡಿಯುತ್ತದೆ, ಕಪ್ಪು ಹೊಗೆ ಬಿಡುತ್ತದೆ. ಶಕ್ತಿ ಹೆಚ್ಚಿಸುವ ನೆಪದಲ್ಲಿ ಪಂಪಿನ ಸೀಲ್ ಒಡೆಸಬಾರದು.

ಕಾರ್ಯಾಗಾರದಲ್ಲಿ ಈ ನಾಲ್ಕನ್ನು ಕೇಳಿ ಪಡೆಯಬೇಕು: ಇಂಜೆಕ್ಟರ್ ತೆರೆಯುವ ಒತ್ತಡ ಕೈಪಿಡಿಯ ಅಂಕಿಗೆ ಸರಿಯಿದೆಯೇ, ಸಿಂಪಡಣೆ ಮಂಜಿನಂತೆ ಸಮನಾಗಿದೆಯೇ, ಸಿಂಪಡಣೆಯ ನಂತರ ತುದಿಯಲ್ಲಿ ಹನಿ ತೊಟ್ಟಿಕ್ಕುತ್ತಿಲ್ಲವೇ, ಎಲ್ಲ ಇಂಜೆಕ್ಟರುಗಳ ಒತ್ತಡ ಒಂದೇ ಸಮವಿದೆಯೇ. ಪರೀಕ್ಷೆ ನಡೆಯುವಾಗ ನೋಡಬಹುದು, ಆದರೆ ಸಿಂಪಡಣೆಯ ಮುಂದೆ ಕೈ ಒಡ್ಡಬಾರದು. ನಾಝಲಿನ ರಂಧ್ರಗಳನ್ನು ಸೂಜಿ ಅಥವಾ ತಂತಿಯಿಂದ ಕೆದಕಬಾರದು. ಉಕ್ಕಿನ ಬ್ರಷ್‌ನಿಂದ ಉಜ್ಜಬಾರದು. ಮರಳಿ ಕೂರಿಸುವಾಗ ಹೊಸ ವಾಷರ್ ಹಾಕಿ, ತೆಗೆದ ಸಿಲಿಂಡರಿಗೇ ಮರಳಿ ಹಾಕಿಸಬೇಕು.

ಹೊಸ ಮಾದರಿಯ ಟ್ರ್ಯಾಕ್ಟರುಗಳು

2023ರ ಜನವರಿ 1ರಿಂದ 50 ಅಶ್ವಶಕ್ತಿ ಮೀರಿದ ಹೊಸ ಟ್ರ್ಯಾಕ್ಟರುಗಳಿಗೆ ಟ್ರೆಮ್ 4 ಹೊಗೆ ನಿಯಮ ಜಾರಿಯಾಗಿದೆ. ಇಂತಹ ಟ್ರ್ಯಾಕ್ಟರುಗಳಲ್ಲಿ ಸಾಮಾನ್ಯವಾಗಿ ಕಾಮನ್ ರೈಲ್ ವ್ಯವಸ್ಥೆಯಿದ್ದು, ಅದರ ಒತ್ತಡ 1000 ಬಾರ್ ಮೀರುತ್ತದೆ. ಇವುಗಳಲ್ಲಿ ಹೆಚ್ಚು ಒತ್ತಡದ ಯಾವ ನಟ್ಟನ್ನೂ ಯಾವ ಕಾರಣಕ್ಕೂ ಸಡಿಲಿಸಬಾರದು. ರೈತರ ಪಾಲಿನ ಕೆಲಸ ಮೂರೇ: ಶುದ್ಧ ಡೀಸೆಲ್ ತುಂಬುವುದು, ನೀರಿನ ಸೂಚಕ ದೀಪ ಹತ್ತಿದ ಕೂಡಲೇ ನೀರು ಬಸಿಯುವುದು, ಅವಧಿಗೆ ಸರಿಯಾಗಿ ಮೂಲ ಫಿಲ್ಟರ್ ಬದಲಿಸುವುದು. ಉಳಿದುದನ್ನು ಅಧಿಕೃತ ಸೇವಾ ಕೇಂದ್ರಕ್ಕೆ ಬಿಡಬೇಕು.

ಡೀಸೆಲ್ ಖರೀದಿ ಮತ್ತು ಸಂಗ್ರಹಣೆ

• 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ದೊರೆಯುವ ಬಿಎಸ್ 6 ಡೀಸೆಲ್ಲಿನಲ್ಲಿ ಗಂಧಕದ ಮಿತಿ ಕಿಲೋಗ್ರಾಂಗೆ 10 ಮಿಲಿಗ್ರಾಂ ಮಾತ್ರ. ಇದಕ್ಕೆ ಸೀಮೆಎಣ್ಣೆ ಬೆರೆಸಿದರೆ ಜಾರುಕ ಗುಣ ಕುಂದಿ ಪಂಪ್ ಸವೆಯುತ್ತದೆ.
• ಬಂಕಿನಲ್ಲಿ ಸಾಂದ್ರತೆಯನ್ನು ಪರೀಕ್ಷಿಸಿ ತೋರಿಸುವಂತೆ ಮತ್ತು 5 ಲೀಟರ್ ಅಳತೆಯಿಂದ ಪ್ರಮಾಣ ಪರಿಶೀಲಿಸುವಂತೆ ಕೇಳುವ ಹಕ್ಕು ಗ್ರಾಹಕರಿಗಿದೆ. ರಸೀದಿ ಪಡೆದು ಇಟ್ಟುಕೊಳ್ಳಬೇಕು.
• ಡೀಸೆಲ್ಲಿಗೆ ಸತು ಲೇಪಿತ ತಗಡಿನ ಡಬ್ಬಿ ಬಳಸಬಾರದು. ಸತು ಡೀಸೆಲ್ಲಿನೊಡನೆ ವರ್ತಿಸಿ ಫಿಲ್ಟರ್ ಕಟ್ಟುತ್ತದೆ.
• ಡ್ರಮ್ಮನ್ನು ನೆರಳಿನಲ್ಲಿ, ಕಟ್ಟೆಯ ಮೇಲೆ ಅಡ್ಡ ಮಲಗಿಸಿ, ನಲ್ಲಿಯಿರುವ ತುದಿ ಸ್ವಲ್ಪ ಮೇಲಿರುವಂತೆ ಇಡಬೇಕು. ಕಸ ಮತ್ತು ನೀರು ಹಿಂಭಾಗದ ತಳಕ್ಕೆ ಇಳಿಯುತ್ತವೆ. ತಂದ ದಿನವೇ ಬಳಸದೆ ಕನಿಷ್ಠ ಒಂದು ದಿನ ತಿಳಿಯಾಗಲು ಬಿಡಬೇಕು. ತಳದ ಕೆಲವು ಲೀಟರನ್ನು ಟ್ರ್ಯಾಕ್ಟರಿಗೆ ಹಾಕಬಾರದು.
• ಸಂಜೆ ಕೆಲಸ ಮುಗಿದ ಮೇಲೆ ಟ್ಯಾಂಕ್ ತುಂಬಿಸಿಡಬೇಕು. ಖಾಲಿ ಜಾಗ ಕಡಿಮೆಯಾದಷ್ಟೂ ಹನಿಗಟ್ಟುವ ನೀರು ಕಡಿಮೆ.
• ಸೋರಿಕೆಯನ್ನು ಅಲಕ್ಷಿಸಬಾರದು. 20 ಹನಿಗೆ 1 ಮಿಲಿಲೀಟರ್ ಎಂದು ಹಿಡಿದರೆ, ಸೆಕೆಂಡಿಗೆ ಒಂದು ಹನಿಯಂತೆ 10 ಗಂಟೆಯಲ್ಲಿ 1.8 ಲೀಟರ್ ಡೀಸೆಲ್ ನೆಲದ ಪಾಲಾಗುತ್ತದೆ.

ನಿರ್ವಹಣಾ ವೇಳಾಪಟ್ಟಿ

ಕೈಪಿಡಿಯಲ್ಲಿ ಕೊಟ್ಟ ಅವಧಿಯೇ ಅಂತಿಮ. ಧೂಳಿನ ಪ್ರದೇಶದಲ್ಲಿ ಅದಕ್ಕಿಂತ ಮೊದಲೇ ಮಾಡಬೇಕು.

• ಪ್ರತಿದಿನ: ಗಾಜಿನ ಬಟ್ಟಲಿನಲ್ಲಿ ನೀರು ಮತ್ತು ಕಸ, ಆಯಿಲ್ ಮಟ್ಟ, ಸೋರಿಕೆ, ಗಾಳಿ ಫಿಲ್ಟರ್.
• ವಾರಕ್ಕೊಮ್ಮೆ: ಟ್ಯಾಂಕಿನ ತಳದ ಮತ್ತು ಫಿಲ್ಟರಿನ ನೀರು ಬಸಿಯುವುದು, ಮುಚ್ಚಳದ ರಂಧ್ರ ಪರೀಕ್ಷೆ.
• ಕೈಪಿಡಿಯ ಗಂಟೆಗಳ ಪ್ರಕಾರ: ಫಿಲ್ಟರ್ ಬದಲಾವಣೆ. ಬದಲಿಸಿದ ದಿನಾಂಕ ಮತ್ತು ಗಂಟೆ ಮೀಟರಿನ ಅಂಕಿಯನ್ನು ಫಿಲ್ಟರಿನ ಮೇಲೆಯೇ ಬರೆಯಬೇಕು.
• ಮೇ ತಿಂಗಳ ಮಧ್ಯಭಾಗದಲ್ಲಿ: ಟ್ಯಾಂಕ್ ತೊಳೆಯುವುದು, ಪೈಪ್ ಮತ್ತು ವಾಷರ್ ಪರೀಕ್ಷೆ, ಅಗತ್ಯವಿದ್ದರೆ ಇಂಜೆಕ್ಟರ್ ಪರೀಕ್ಷೆ. ಮೃಗಶಿರಾ ಮಳೆಗೆ ಮೊದಲೇ ಇದು ಮುಗಿದಿರಬೇಕು.
• ಬಿತ್ತನೆಗೆ ಹೊರಡುವಾಗ: ಒಂದು ಜೊತೆ ಫಿಲ್ಟರ್, ನಾಲ್ಕೈದು ತಾಮ್ರದ ವಾಷರ್ ಮತ್ತು ಸರಿಯಾದ ಪಾನಾ ಟ್ರ್ಯಾಕ್ಟರಿನ ಪೆಟ್ಟಿಗೆಯಲ್ಲಿ ಇರಲಿ.

ವಿಸ್ತರಣಾ ಕಾರ್ಯಕರ್ತರ ಗಮನಕ್ಕೆ

ಈ ವಿಷಯವನ್ನು ಭಾಷಣದಿಂದ ಕಲಿಸಲಾಗದು. ಮೇ ತಿಂಗಳಲ್ಲಿ ರೈತ ಸಂಪರ್ಕ ಕೇಂದ್ರ ಅಥವಾ ಗ್ರಾಮದ ಕಟ್ಟೆಯ ಬಳಿ ಒಂದು ಟ್ರ್ಯಾಕ್ಟರ್ ನಿಲ್ಲಿಸಿ, ಟ್ಯಾಂಕಿನ ತಳದ ಡೀಸೆಲ್ಲನ್ನು ಬಾಟಲಿಗೆ ಬಿಟ್ಟು ತೋರಿಸಿದರೆ ನೀರಿನ ಪದರವೇ ಪಾಠ ಹೇಳುತ್ತದೆ. ಕತ್ತರಿಸಿದ ಹಳೆಯ ಫಿಲ್ಟರ್ ಮತ್ತು ಹೊಸ ಫಿಲ್ಟರನ್ನು ಅಕ್ಕಪಕ್ಕ ಇರಿಸಿ ತೋರಿಸಬೇಕು. ಟ್ರ್ಯಾಕ್ಟರಿನ ಮಾಲೀಕರಷ್ಟೇ ಅಲ್ಲ, ದಿನವೂ ಅದನ್ನು ಓಡಿಸುವ ಚಾಲಕರನ್ನೂ ಕಡ್ಡಾಯವಾಗಿ ಕರೆಯಬೇಕು. ಡೀಸೆಲ್ ತುಂಬುವವರು ಅವರೇ. ಬಾಡಿಗೆಗೆ ಯಂತ್ರ ಒದಗಿಸುವ ಕೃಷಿ ಯಂತ್ರಧಾರೆ ಕೇಂದ್ರಗಳ ಸಿಬ್ಬಂದಿಗೂ ಈ ತರಬೇತಿ ಉಪಯುಕ್ತ. ಒತ್ತಡದ ಡೀಸೆಲ್ಲಿನ ಗಾಯದ ವಿಷಯವನ್ನು ಪ್ರತಿ ಪ್ರಾತ್ಯಕ್ಷಿಕೆಯಲ್ಲಿಯೂ ತಪ್ಪದೆ ತಿಳಿಸಬೇಕು.

ನೆನಪಿನಲ್ಲಿಡಬೇಕಾದ ಅಂಶಗಳು

• ತಪಾಸಣೆ ಟ್ಯಾಂಕಿನ ಮುಚ್ಚಳದಿಂದ ಆರಂಭವಾಗಲಿ, ಪಂಪಿನಿಂದಲ್ಲ.
• ಬೆಳಿಗ್ಗೆ ಚಾಲೂ ಮಾಡುವ ಮುನ್ನ ನೀರು ಬಸಿಯಿರಿ; ಸಂಜೆ ಟ್ಯಾಂಕ್ ತುಂಬಿಸಿಡಿ.
• ಕಾಗದದ ಫಿಲ್ಟರ್ ತೊಳೆಯಬೇಡಿ, ಊದಬೇಡಿ, ಬದಲಿಸಿರಿ.
• ಕಪ್ಪು ಹೊಗೆಗೆ ಗಾಳಿ ಫಿಲ್ಟರ್ ಮೊದಲು ನೋಡಿ. ನೀಲಿ ಹೊಗೆಗೆ ಪಂಪ್ ಬಿಚ್ಚಿಸಬೇಡಿ.
• ಚಿಮ್ಮುವ ಡೀಸೆಲ್ಲಿಗೆ ಕೈ ಒಡ್ಡಬೇಡಿ. ಚುಚ್ಚಿದಷ್ಟೇ ಗಾಯವಾದರೂ ತಕ್ಷಣ ಆಸ್ಪತ್ರೆಗೆ ಹೋಗಿರಿ.

ಹೆಚ್ಚಿನ ಮಾಹಿತಿಗಾಗಿ ತಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನು ಅಥವಾ ಕಲಬುರಗಿಯ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು. ಹೋಗುವಾಗ ಟ್ರ್ಯಾಕ್ಟರಿನ ಕೈಪಿಡಿ ಹಾಗೂ ಫಿಲ್ಟರ್ ಬದಲಿಸಿದ ದಿನಾಂಕದ ಟಿಪ್ಪಣಿಯನ್ನು ಜೊತೆಗೆ ಒಯ್ಯಬೇಕು.